ಡ್ರಿಲ್ಲರ್ ಭಾವನ ಜೊತೆ ಮಲೆಮನೆ ಘಾಟಿ

ತಾಳಗುಪ್ಪದಿಂದ ಗೇರುಸೊಪ್ಪೆ ಕಡೆ ಹೊರಟವರು ಜೋಗ ನೋಡಿ, ಮಾವಿನಗುಂಡಿಯಲ್ಲಿ ಟೀ ಕುಡಿದು, ಸೀದಾ ಘಾಟಿ ಇಳಿದುಬಿಡುತ್ತಾರೆ. ನಾವು ಮಾತ್ರ ಅಲ್ಲಲ್ಲಿ ನಿಲ್ಲಿಸಿಕೊಂಡೇ ಹೋದೆವು. ಜೊತೆಗೆ ಭಾವ ಇದ್ದರು. ಆಂಧ್ರದ ಕೋನಸೀಮೆಯಲ್ಲಿ ಗ್ಯಾಸ್ ಬಾವಿ ಕೊರೆಯುವ ರಿಗ್ಗಿನಲ್ಲಿ ದುಡಿದು, ಈಗ ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡಿದ್ದಾರೆ. ರಸ್ತೆ ಪಕ್ಕದಲ್ಲಿ ಗುಡ್ಡ ಕಡಿದಿದ್ದರೆ ಸಾಕು, ಇಳಿದು ಕಲ್ಲು ಮುಟ್ಟಿ ನೋಡಬೇಕು ಅವರಿಗೆ.

ಹೊರಡುವ ಮೊದಲು ಅವರ ಮನೆ ಜಗಲಿಯಲ್ಲಿ ಒಂದು ಕಲ್ಲು ಕೈಗೆ ಕೊಟ್ಟರು. ಗೇಣುದ್ದದ ದುಂಡನೆ ಕಲ್ಲು, ಲಟ್ಟಣಿಗೆಯಷ್ಟು ನುಣುಪು. ಬೂದು ಬಣ್ಣದಲ್ಲಿ ಓರೆಯಾಗಿ ಬಿಳಿ ಪಟ್ಟಿಗಳು. ಒಂದು ತುದಿ ಮಾತ್ರ ಮುರಿದು ಒರಟಾಗಿತ್ತು. ಸುರಂಗದ ಕೆಲಸ ಮಾಡುವ ಗೆಳೆಯ ಕೊಟ್ಟ ಕೋರ್ ಅಂತೆ. ವಜ್ರದ ಹಲ್ಲಿನ ಟೊಳ್ಳು ಬಿಟ್ ನೀರು ಕುಡಿಯುತ್ತಾ ಕಲ್ಲನ್ನು ಸುತ್ತಲೂ ಕೊರೆಯುತ್ತದೆ, ಒಳಗಿನ ತಿರುಳು ಹೀಗೆ ಇಡಿಯಾಗಿ ಮೇಲೆ ಬರುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಎಷ್ಟು ಆಳದಲ್ಲಿ ಬಿರುಕಿದೆ, ಎಲ್ಲಿ ಗಟ್ಟಿಯಿದೆ ಅಂತ ಓದುತ್ತಾರೆ.

‘ಇಲ್ಲೂ ಗ್ಯಾಸ್ ಸಿಗಬಹುದಾ ಭಾವ?’ ಅಂದೆ.

‘ಎಲ್ಲಿಯ ಗ್ಯಾಸ್ ಮಾರಾಯ!’ ಅಂತ ನಕ್ಕರು. ಗ್ಯಾಸಿಗೆ ಹೂಳು ಪದರ ಪದರವಾಗಿ ಕೂತು ಕಲ್ಲಾದ ಜಾಗ ಬೇಕು, ಗೋದಾವರಿ ಮುಖಜಭೂಮಿಯ ಹಾಗೆ. ಮಲೆನಾಡಿನ ತಳದಲ್ಲಿರುವುದು 250 ಕೋಟಿ ವರ್ಷಕ್ಕೂ ಹಳೆಯ ಕಲ್ಲು, ಒತ್ತಡಕ್ಕೂ ಬಿಸಿಗೂ ಸಿಕ್ಕಿ ಮಾರ್ಪಟ್ಟದ್ದು. ಇಲ್ಲಿ ಕೊರೆಯುವುದೇನಿದ್ದರೂ ಕಲ್ಲನ್ನು ತಿಳಿಯಲಿಕ್ಕೆ.

ಆ ಕೊರೆಯುವ ಮಾತೇ ನಮ್ಮ ದಾರಿಯುದ್ದಕ್ಕೂ ಬಂತು. ಶರಾವತಿಯ ಲಿಂಗನಮಕ್ಕಿ ಡ್ಯಾಮಿನ ನೀರು ಕಾಲುವೆಯಲ್ಲಿ ತಳಕಳಲೆ ಡ್ಯಾಮಿಗೆ ಬಂದು, ಅಲ್ಲಿಂದ ಕೆಳಗೆ ಧುಮುಕಿ 1035 ಮೆಗಾವ್ಯಾಟ್ ಕರೆಂಟ್ ಕೊಟ್ಟು, ಗೇರುಸೊಪ್ಪೆ ಡ್ಯಾಂ ಸೇರುತ್ತದೆ. ಈಗಿನ ಯೋಜನೆ ಅದೇ ನೀರನ್ನು ವಾಪಸ್ ಮೇಲಕ್ಕೆತ್ತುವುದು. ಕರೆಂಟ್ ಮಿಕ್ಕಾಗ ಗೇರುಸೊಪ್ಪೆಯಿಂದ ತಳಕಳಲೆಗೆ ಪಂಪ್ ಮಾಡು, ಬೇಕಾದಾಗ ಕೆಳಗೆ ಬಿಡು. 2000 ಮೆಗಾವ್ಯಾಟ್. ಸುರಂಗ, ಪವರ್‌ಹೌಸ್ ಎಲ್ಲ ನೆಲದಡಿ. ನಡುವೆ ಇರುವುದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ. 2019ರಲ್ಲಿ ಅಘನಾಶಿನಿ ಕಡೆಯ ಕಾಡನ್ನೂ ಸೇರಿಸಿ ಅದನ್ನು ಸುಮಾರು 930 ಚದರ ಕಿಲೋಮೀಟರಿಗೆ ಹಿಗ್ಗಿಸಿದರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಈ ಯೋಜನೆಗಾಗಿ ಅದರೊಳಗೆ ಬೋರ್ ಕೊರೆದು ಸರ್ವೆ ಮಾಡುವ ಮಾತೂ ಬಂತು! ಸಾಗರ ತಾಲೂಕಿನ ಕಡೆ ವಿರೋಧ ಎದ್ದದ್ದೇ ಆಗ.

ಮಾವಿನಗುಂಡಿ ದಾಟಿ ಘಾಟಿ ಶುರುವಾದ ಮೇಲೆ ಒಂದು ತಿರುವಿನಲ್ಲಿ ಸಿಂಗಳೀಕಗಳು ಕಂಡವು. ಒಂದು ಗಂಡು ತಡೆಗೋಡೆ ಮೇಲೇ ಕೂತಿತ್ತು. ಕಪ್ಪು ಮುಖದ ಸುತ್ತ ಬೂದು ಕೂದಲು, ಬಾಲದ ತುದಿಯಲ್ಲಿ ಚಿಕ್ಕ ಕುಚ್ಚು. ಮುಂದಿನ ಕಾರಿನವರು ಕಿಟಕಿ ಇಳಿಸಿ ಚಿಪ್ಸ್ ಎಸೆದರು. ಮರದ ಮೇಲಿಂದ ಮೇಲೆಯೇ ಓಡಾಡಿಕೊಂಡು, ನೆಲಕ್ಕೆ ಅಪರೂಪಕ್ಕೆ ಇಳಿಯುವ ಪ್ರಾಣಿ ಇದು. ಚಿಪ್ಸ್ ರುಚಿ ಹತ್ತಿಸಿ ಲಾರಿ ಚಕ್ರಕ್ಕೆ ಕೊಡುತ್ತಿದ್ದೇವೆ. ಹೇಳಿದರೆ ‘ಪಾಪ, ಹಸಿದಿರುತ್ತೆ ಅಲ್ವಾ’ ಅನ್ನುತ್ತಾರೆ.

ಭಾವ ಮಾತ್ರ ಮೇಲೆ ನೋಡುತ್ತಿದ್ದರು. ರಸ್ತೆಯ ಎರಡೂ ಬದಿಯ ಕೊಂಬೆಗಳು ಕೆಲವು ಕಡೆ ತಾಗುತ್ತವೆ, ಕೆಲವು ಕಡೆ ಇಲ್ಲ. ‘ತೂತು ನಾಲ್ಕೈದು ಇಂಚು, ಅದಕ್ಕೇನು ಅಂತ ಎಲ್ಲರೂ ಹೇಳ್ತಾರೆ. ರಿಗ್ ಹಾರಿಕೊಂಡು ಬರುತ್ತಾ? ಅದಕ್ಕೆ ದಾರಿ ಬೇಕು, ನಿಲ್ಲೋಕೆ ಸಮತಟ್ಟು ಜಾಗ ಬೇಕು, ನೀರು ಬೇಕು, ಡೀಸೆಲ್ ಬೇಕು. ತೂತು ಮುಚ್ಚಿ ಹೋಗಬಹುದು. ದಾರಿ ಮುಚ್ಚಿದ್ದು ನಾನಂತೂ ನೋಡಿಲ್ಲ.’

ಕಾನೂನು ಇದನ್ನು ಬೇರೆ ಥರ ನೋಡುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂತು. ಅನ್ವೇಷಣೆ, ಭೂಕಂಪನ ಅಲೆಗಳ ಸರ್ವೆ (ನೆಲಕ್ಕೆ ಕಂಪನ ಕೊಟ್ಟು ಒಳಗಿನ ಕಲ್ಲನ್ನು ತಿಳಿಯುವುದು) ಇಂಥವನ್ನು ಅರಣ್ಯೇತರ ಕೆಲಸ, ಅಂದರೆ ಕೇಂದ್ರದ ಒಪ್ಪಿಗೆ ಬೇಕಾದ ಕೆಲಸ, ಅಲ್ಲ ಅಂತ ಕೇಂದ್ರ ಷರತ್ತು ಹಾಕಿ ಆದೇಶಿಸಬಹುದು. ಎಣ್ಣೆ, ಗ್ಯಾಸ್ ಹುಡುಕುವವರು ಮೊದಲು ಮಾಡುವುದೇ ಆ ಅಲೆಗಳ ಸರ್ವೆ. ಅದಕ್ಕೂ ಮೊದಲು, 2020ರ ಜನವರಿಯಲ್ಲಿ, ಎಣ್ಣೆ-ಗ್ಯಾಸ್ ಅನ್ವೇಷಣೆಯನ್ನು ಪರಿಸರ ನಿಯಮದಲ್ಲಿ ಕೆಳಗಿನ ವರ್ಗಕ್ಕೆ ಇಳಿಸಿದರು. ಅನ್ವೇಷಣೆ ಬಾವಿಗೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಅಸ್ಸಾಮಿನ ಬಾಗ್‌ಜಾನ್‌ನಲ್ಲಿ, ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲೇ, ಉತ್ಪಾದನೆಯಲ್ಲಿದ್ದ ಗ್ಯಾಸ್ ಬಾವಿ ಸಿಡಿಯಿತು. ಬೆಂಕಿ ಪೂರ್ತಿ ಆರುವಷ್ಟರಲ್ಲಿ ನವೆಂಬರ್. ಕೋನಸೀಮೆಯ ಪಾಸರ್ಲಪೂಡಿಯಲ್ಲಿ 1995ರಲ್ಲಿ ಎರಡು ತಿಂಗಳಿಗೂ ಜಾಸ್ತಿ ಉರಿದ ಬಾವಿಯ ಕಥೆಯನ್ನು ಭಾವ ಅಲ್ಲಿನ ತೆಂಗಿನ ತೋಟದವರ ಬಾಯಲ್ಲಿ ಕೇಳಿದ್ದಾರೆ.

ಅಭಯಾರಣ್ಯದ ಒಳಗಾದರೆ 1972ರ ವನ್ಯಜೀವಿ ಕಾಯ್ದೆ ಇದೆ, ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು. ಶರಾವತಿಯ ಈ ಪಂಪ್ ಯೋಜನೆಗೆ ಅಹವಾಲು ಸಭೆಯೂ ನಡೆಯಿತು, 2025ರ ಸೆಪ್ಟೆಂಬರಿನಲ್ಲಿ. ನನ್ನ ತಕರಾರು ಸಭೆ ಯಾವಾಗ ಅನ್ನುವುದರಲ್ಲಿದೆ. ಸರ್ವೆ ಮುಗಿದು ನಕ್ಷೆ ತಯಾರಾದ ಮೇಲೆ ಊರವರನ್ನು ಕರೆದರೆ, ಅವರು ಹೇಳುವುದಕ್ಕೆ ಉಳಿದಿರುವುದು ಬೇಕು ಅಥವಾ ಬೇಡ, ಅಷ್ಟೇ.

ಗೇರುಸೊಪ್ಪೆಯಲ್ಲಿ ಸೆಕೆ. ಬಂಗುಡೆ ಸಾರು ಊಟ ಮಾಡಿ, ಹೊಳೆಯಾಚೆ ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ಹೋದೆವು. ನಾಲ್ಕು ದಿಕ್ಕಿಗೂ ಬಾಗಿಲು, ಸುತ್ತ ಕಾಡು. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಆಳಿದ ಊರು ಇದು ಅಂದರೆ ಈಗ ನಂಬುವುದು ಕಷ್ಟ.

ಅಲ್ಲಿ ಮೆಟ್ಟಿಲ ಮೇಲೆ ಕೂತು ಭಾವನ ಜೊತೆ ಜಗಳವೇ ಆಯಿತು. ‘ಹಗಲು ಸೋಲಾರ್ ಸುಮ್ನೆ ದಂಡ ಆಗುತ್ತೆ. ಸಂಜೆ ಏಳಕ್ಕೆ ಪಂಪ್‌ಸೆಟ್, ಮಿಕ್ಸಿ ಎಲ್ಲ ಬೇಕು. ಕರೆಂಟ್ ಯಾರು ಕೊಡ್ತಾರೆ?’ ಅಂದರು. ಪಂಪ್ ಮಾಡಲು ಹೋಗುವ ಕರೆಂಟು ವಾಪಸ್ ಬರುವುದಕ್ಕಿಂತ ಜಾಸ್ತಿ ಅಂತ ನಾನಂದೆ. ‘ಬ್ಯಾಟರಿಯಲ್ಲೂ ನಷ್ಟ ಇದೆ’ ಅಂದರು. ಅದೂ ಸರಿಯೇ. ಆಮೇಲೆ ಅವರೇ ಆಂಧ್ರದ ಪಿನ್ನಾಪುರಂ ವಿಷಯ ತೆಗೆದರು. ಅಲ್ಲಿ ಹರಿಯುವ ನದಿಗೆ ಅಡ್ಡ ಕಟ್ಟದೆ, ಪಕ್ಕದಲ್ಲಿ ಮೇಲೊಂದು ಕೆಳಗೊಂದು ಜಲಾಶಯ ಮಾಡಿ ಇದೇ ಕೆಲಸ ಮಾಡುತ್ತಾರೆ. ಹಾಗಾದರೆ ಸಿಂಗಳೀಕದ ಕಾಡೇ ಯಾಕೆ ಬೇಕು ಅಂತ ಕೇಳಿದೆ. ‘ಇಲ್ಲಿ ಎರಡು ಡ್ಯಾಂ ರೆಡಿ ಇದೆಯಲ್ಲ, ಖರ್ಚು ಕಮ್ಮಿ’ ಅಂದರು ಭಾವ.