ಮೂತಿ ಲಾರಿ ಸ್ಟಾರ್ಟ್ ಆಯ್ತು

ಹಳೇ ಟಾಟಾ ಮರ್ಸಿಡಿಸ್ ಲಾರಿ ಇಂಜಿನ್ ಇವತ್ತು ಸ್ಟಾರ್ಟ್ ಆಯ್ತು ಕಣ್ರೋ, ಖುಷಿ ತಡ್ಕೊಳಕ್ಕೆ ಆಗ್ತಿಲ್ಲ. 1954ರಲ್ಲಿ ಟಾಟಾದವ್ರು ಮರ್ಸಿಡಿಸ್ ಗಾಡಿ ಮಾಡ್ತಿದ್ದ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಮಾಡಕ್ ಶುರು ಮಾಡಿದ್ ಗಾಡಿಗಳು ಇವು, ಒಪ್ಪಂದ 1969ಕ್ಕೆ ಮುಗೀತು. ನಮ್ದು ಮೂತಿ ಮೇಲೆ ಮರ್ಸಿಡಿಸ್ ನಕ್ಷತ್ರದ ಗುರುತು ಇರೋದು.

ಡೀಸೆಲ್ ಲೈನಲ್ಲಿ ಗಾಳಿ ಸೇರ್ಕೊಂಡಿತ್ತು, ಫಿಲ್ಟರ್ ಮೇಲಿನ ಸ್ಕ್ರೂ ಸ್ವಲ್ಪ ಸಡಿಲ ಮಾಡಿ ಪಂಪ್‌ನ ಕೈಯಲ್ಲೇ ಒತ್ತುತಾ ಇದ್ರೆ ಮೊದ್ಲು ಬುರಬುರ ನೊರೆ, ಆಮೇಲೆ ಸಣ್ಣ ಗುಳ್ಳೆ, ಕೊನೆಗೆ ಗುಳ್ಳೆನೇ ಇಲ್ದೆ ತಿಳಿ ಡೀಸೆಲ್ ಬರುತ್ತೆ, ಆವಾಗ್ಲೇ ಸ್ಕ್ರೂ ಬಿಗೀಬೇಕು. ಸೆಲ್ಫ್ ಹೊಡೆದ್ರೆ ದೊಡ್ಡ ಬಿಳಿ ಹೊಗೆ, ಹಿಂದೇನೇ ಗಡಗಡ ಅಂತ ಆ ಸದ್ದು, ಆಹಾ!

ಒಂದೇ ಬೇಜಾರು, 2021ರಲ್ಲಿ ಕೇಂದ್ರ ತಂದ ವಿಂಟೇಜ್ ನಿಯಮ, ಅಂದ್ರೆ ಹಳೇ ಗಾಡಿಗಳನ್ನ ವಿಂಟೇಜ್ ಅಂತ ಬೇರೆಯಾಗಿ ನೋಂದಣಿ ಮಾಡೋ ನಿಯಮ, 50 ವರ್ಷ ದಾಟಿದ ಕಾರು ಬೈಕುಗಳಿಗೆ ಮಾತ್ರ, ಲಾರಿಗಿಲ್ಲ. ಊರೂರಿಗೆ ಅಕ್ಕಿ, ಸಿಮೆಂಟು, ಗೊಬ್ಬರ ಹೊತ್ತಿದ್ದು ಇವೇ ತಾನೆ, ಇವಕ್ಕೂ ಆ ಮರ್ಯಾದೆ ಸಿಗ್ಲೇಬೇಕು.

ಈಗ ಕ್ಯಾಬಿನ್ ಬಾಕಿ. ಆಗೆಲ್ಲ ಕಂಪ್ನಿಯಿಂದ ಹೆಚ್ಚಾಗಿ ಬರೀ ಚಾಸಿ, ಅಂದ್ರೆ ಇಂಜಿನ್ ಚಕ್ರ ಇರೋ ಅಡಿಚೌಕಟ್ಟು ಮಾತ್ರ ಬರ್ತಿತ್ತು, ಕ್ಯಾಬಿನ್ನು ಬಾಡಿ ಎಲ್ಲಾ ಇಲ್ಲೇ ಬಡಗಿಗಳು ಮರದಲ್ಲಿ ಕಟ್ತಿದ್ರು. ತುಮಕೂರು ಕಡೆ ಆ ಕೆಲಸ ಗೊತ್ತಿರೋ ಹಿರಿಯರು ಯಾರಾದ್ರೂ ಇದ್ರೆ ದಯವಿಟ್ಟು ತಿಳ್ಸಿ, ನಾನೇ ಬಂದು ಕರ್ಕೊಂಡ್ ಬರ್ತೀನಿ.