“ಅಳಿಯಂದ್ರೆ, ಇವನ ಜೊತೆ ಯಾರೂ ಇಲ್ವಾ?”

ಮಾವ ಬಂದು ಇನ್ನೂ ಒಂದು ವಾರ ಆಗಿಲ್ಲ. ಬಂದ ರಾತ್ರಿ ಕಾರಲ್ಲಿ ಅವರು ಕೇಳಿದ ಮಾತು ಮಾತ್ರ ತಲೆ ಬಿಟ್ಟು ಹೋಗುತ್ತಿಲ್ಲ.

ನ್ಯೂಜೆರ್ಸಿಯ ನ್ಯೂಆರ್ಕ್ ಏರ್‌ಪೋರ್ಟಿಂದ ಎಡಿಸನ್‌ನ ನಮ್ಮ ಮನೆ ಕಡೆ ಬರುತ್ತಿದ್ದೆವು. ಜಿಟಿಜಿಟಿ ಮಳೆ. ಹಿಂದೆ ನನ್ನ ಹೆಂಡತಿ, ಪಕ್ಕದಲ್ಲಿ ಚಟ್ನಿಪುಡಿ, ಹುಳಿಪುಡಿ ತುಂಬಿದ ಬ್ಯಾಗು. ಮುಂದೆ ಮಾವ, ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡು. ಕಾರಲ್ಲಿ ಬರೋವಾಗ ನಾನು ಕೇಳುತ್ತಿದ್ದ ಹಾಡು ಅದರ ಪಾಡಿಗೆ ಮುಂದುವರಿಯಿತು. ಅಮೆರಿಕದ ರಾಕ್ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನ ‘ನೆಬ್ರಾಸ್ಕಾ’ ಆಲ್ಬಮ್. ಆರಿಸೋಕೆ ಹೋದೆ, “ಇರಲಿ ಬಿಡಿ” ಅಂದರು.

ಲಿಂಡನ್ ಹತ್ತಿರ ಬರುವಾಗ ‘ಸ್ಟೇಟ್ ಟ್ರೂಪರ್’ ಶುರುವಾಗಿತ್ತು. ಅದು ನಾವು ಬರುತ್ತಿದ್ದ ಇದೇ ಹೆದ್ದಾರಿಯ, ನ್ಯೂಜೆರ್ಸಿ ಟರ್ನ್‌ಪೈಕಿನ ಹಾಡು. ಅದರಲ್ಲೂ ಮಳೆಯ ರಾತ್ರಿ, ಅದರಲ್ಲೂ ರಿಫೈನರಿಯ ಬೆಳಕು. ಕಿಟಕಿ ಆಚೆ ರಿಫೈನರಿಯ ಪೈಪು, ಟ್ಯಾಂಕುಗಳೆಲ್ಲ ದೀಪ ಹಚ್ಚಿಕೊಂಡು ನಿಂತಿದ್ದವು. ನೋಡಿ ಮಾವ, ಇದೇ ಜಾಗ ಅಂತ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವರೇ ಕೇಳಿದರು.

“ಅಳಿಯಂದ್ರೆ, ಇವನ ಜೊತೆ ಯಾರೂ ಇಲ್ವಾ?”

ಮಾವ ಮೈಸೂರಿನ ತಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿಗೆ ಎಷ್ಟೋ ವರ್ಷ ಕಾರ್ಯದರ್ಶಿ ಆಗಿದ್ದವರು. ಆರ್ಕೆಸ್ಟ್ರಾದವರ ಜೊತೆ ವಾದ್ಯ ಎಣಿಸಿ ರೇಟು ಮಾತಾಡುತ್ತಿದ್ದ ಮನುಷ್ಯ. ತಬಲಾ ಇಲ್ಲದ ಹಾಡು ಅವರ ಲೆಕ್ಕದಲ್ಲಿ ಅರ್ಧ ಹಾಡು. ಹಾಗಾಗಿ ನಾನೂ ವಾದ್ಯದ ಲೆಕ್ಕವನ್ನೇ ಒಪ್ಪಿಸಿದೆ.

“ಇದ್ದಾರೆ ಮಾವ, ಇ ಸ್ಟ್ರೀಟ್ ಬ್ಯಾಂಡ್ ಅಂತ ದೊಡ್ಡ ತಂಡ. ಇದರಲ್ಲಿ ಮಾತ್ರ ಅವರಿಲ್ಲ.”

“ಯಾಕೆ, ಜಗಳವಾ?”

ಜಗಳ ಏನಿಲ್ಲ. 1980ರಲ್ಲಿ ಅವನ ‘ದಿ ರಿವರ್’ ಆಲ್ಬಮ್ ಅಮೆರಿಕದಲ್ಲಿ ನಂಬರ್ ಒನ್ ಆಗಿತ್ತು. ಊರೂರು ಸುತ್ತಿ ಬಂದವನು ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ಕೋಲ್ಟ್ಸ್ ನೆಕ್‌ನಲ್ಲಿ ಬಾಡಿಗೆ ಮನೆ ಹಿಡಿದು ಕೂತ. ಸ್ಟುಡಿಯೋದಲ್ಲಿ ಹಾಡು ತಿದ್ದುತ್ತಾ ಕೂತರೆ ದುಡ್ಡು ನೀರಿನ ಹಾಗೆ ಹೋಗುತ್ತೆ, ಮೊದಲು ಮನೇಲಿ ಹಾಡಿ ಬ್ಯಾಂಡಿಗೆ ಕೇಳಿಸೋಣ ಅನ್ನೋದು ಯೋಚನೆ. ಗಿಟಾರ್ ನೋಡಿಕೊಳ್ಳುತ್ತಿದ್ದ ಮೈಕ್ ಬ್ಯಾಟ್ಲನ್ ಬೆಡ್‌ರೂಮಿನಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರ್, ಎರಡು ಮೈಕು ಇಟ್ಟುಕೊಟ್ಟ. 1982ರ ಜನವರಿ 3ರಂದು ಹೆಚ್ಚಿನ ಹಾಡುಗಳು ಅದರಲ್ಲಿ ಇಳಿದವು. ಆ ಕ್ಯಾಸೆಟ್ಟನ್ನು ಡಬ್ಬಿ ಕೂಡ ಇಲ್ಲದೆ ಜೀನ್ಸ್ ಜೇಬಲ್ಲಿ ಇಟ್ಟುಕೊಂಡು ತಿರುಗಿದ. ಆಮೇಲೆ ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೋದಲ್ಲಿ ಬ್ಯಾಂಡ್ ಕೂರಿಸಿ ಅದೇ ಹಾಡು ನುಡಿಸಿದರು. ಒಳ್ಳೆ ಕೈಗಳೇ. ಆದರೂ ಏನೋ ಕೂಡಿ ಬರಲಿಲ್ಲ. ಕೊನೆಗೆ ಜೇಬಲ್ಲಿದ್ದ ಕ್ಯಾಸೆಟ್ಟೇ ಆ ಸೆಪ್ಟೆಂಬರಿನಲ್ಲಿ ಆಲ್ಬಮ್ ಆಗಿ ಬಂತು. ಅದರ ಸದ್ದನ್ನು ಎಲ್‌ಪಿಗೆ ಇಳಿಸೋಕೆ ಎಂಜಿನಿಯರುಗಳು ಒದ್ದಾಡಿಬಿಟ್ಟರಂತೆ. ಪ್ರವಾಸ ಇಲ್ಲ, ಪ್ರಚಾರ ಕಮ್ಮಿ. ಆದರೂ ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು.

ಇಷ್ಟೂ ಹೇಳಿ ಮುಗಿಸೋ ಹೊತ್ತಿಗೆ ‘ಯೂಸ್ಡ್ ಕಾರ್ಸ್’ ಬಂದಿತ್ತು. “ಇದರಲ್ಲೇನಂತಾನೆ?” ಅಂದರು. ಅಪ್ಪ ಹಳೇ ಕಾರು ಕೊಳ್ಳೋಕೆ ಹೋಗ್ತಾನೆ, ಮಾರೋನು ಅಪ್ಪನ ಕೈಗಳನ್ನೇ ನೋಡ್ತಾನೆ, ಮಗ ಅದನ್ನೆಲ್ಲ ನೋಡ್ತಾ ಕೂತಿರ್ತಾನೆ ಅಂದೆ.

“ಹಂಗೇ ನೋಡೋದು ಅವರೆಲ್ಲ. ನಾನು ಸೆಕೆಂಡ್ ಹ್ಯಾಂಡ್ ಫಿಯಟ್ ಕೇಳಕ್ಕೆ ಹೋದಾಗ ನನ್ನ ಚಪ್ಪಲಿ ನೋಡಿದ್ದ.”

ಹಿಂದಿನಿಂದ ನನ್ನ ಹೆಂಡತಿ, “ಅಪ್ಪ, ನೀನು ಫಿಯಟ್ ತಗೊಂಡೇ ಇಲ್ವಲ್ಲ!”

“ಅದಕ್ಕೇ.”

ಅಷ್ಟೇ ಅಂದರು. ಅವಳಿಗೂ ಅದು ಹೊಸ ಸುದ್ದಿ.

ಆಗಿನಿಂದ ಅನ್ನಿಸುತ್ತಿದೆ, ಮಾವ ವಾದ್ಯದ ಲೆಕ್ಕ ಕೇಳಿರಲೇ ಇಲ್ಲ. ಡ್ರಮ್ಸ್ ಎಲ್ಲಿ, ಕೀಬೋರ್ಡ್ ಎಲ್ಲಿ ಅನ್ನಲಿಲ್ಲ. ಇವನ ಜೊತೆ ಯಾರೂ ಇಲ್ವಾ ಅಂದರು. ಮಾತು ಅರ್ಥವಾಗದೆ, ಬರೀ ದನಿ ಕೇಳಿ.

ನನ್ನ ಆಫೀಸಿನಲ್ಲಿ ಡ್ರಮ್ಸ್ ಬಾರಿಸೋ ಹುಚ್ಚಿನ ಒಬ್ಬ ಇದ್ದಾನೆ. ಅವನ ಪ್ರಕಾರ ‘ನೆಬ್ರಾಸ್ಕಾ’ ಆಲ್ಬಮ್ಮೇ ಅಲ್ಲ, ಡೆಮೊ, ಅಂದರೆ ಬರೀ ಕಚ್ಚಾ ರೆಕಾರ್ಡಿಂಗು. ಎಲ್ಲಾ ಗೊತ್ತು ಅನ್ನೋ ಪೈಕಿ, ಜಾಸ್ತಿ ವಾದ ಮಾಡಬಾರದು. 2025ರಲ್ಲಿ ಆ ಬ್ಯಾಂಡ್ ರೆಕಾರ್ಡಿಂಗುಗಳೂ ಹೊರಗೆ ಬಂದವಲ್ಲ, ಕೇಳಿದೆ. ಚೆನ್ನಾಗೇ ಇವೆ. ಆದರೆ ‘ಅಟ್ಲಾಂಟಿಕ್ ಸಿಟಿ’ಯಲ್ಲಿ ಡ್ರಮ್ಸ್ ಬಿದ್ದ ತಕ್ಷಣ ಹಾಡಿನೊಳಗಿನ ಆ ಮನುಷ್ಯನಿಗೆ ಧೈರ್ಯ ಬಂದುಬಿಡುತ್ತೆ. ಸಾಲ ತೀರಿಸೋಕಾಗದೆ ಯಾವುದೋ ಕೆಟ್ಟ ಕೆಲಸಕ್ಕೆ ಒಪ್ಪಿಕೊಂಡವನು ಅವನು. ಅವನಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು? ಬೆನ್ನ ಹಿಂದೆ ಐದಾರು ಜನ ನಿಂತಿದ್ದರೆ ಅವನು ಆ ಕೆಲಸಕ್ಕೆ ಹೋಗುತ್ತಲೇ ಇರಲಿಲ್ಲ, ಅಲ್ವಾ?

ಅತ್ತೆ ತೀರಿಕೊಂಡ ಮೇಲೆ ಮಾವ ಮೈಸೂರಲ್ಲಿ ಒಬ್ಬರೇ. ನಾವು ಇಲ್ಲಿಂದಲೇ ಒಂದೊಂದಾಗಿ ವಾದ್ಯ ಸೇರಿಸುತ್ತಾ ಬಂದೆವು. ಅಡುಗೆಯವರು, ಹಾಲ್‌ನಲ್ಲಿ ಕ್ಯಾಮೆರಾ, ಕೂಗಿದರೆ ಮಾತಾಡೋ ಸ್ಪೀಕರ್, ದಿನಾ ವಿಡಿಯೋ ಕಾಲ್. ಅವರು ಒಂದನ್ನೂ ಕೇಳಿರಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಸ್ಪೀಕರಿಗೆ ಬಟ್ಟೆ ಮುಚ್ಚಿದ್ದಾರೆ ಅಂತ ಕ್ಯಾಮೆರಾದಲ್ಲಿ ನೋಡಿದ್ದೆ. ಧೂಳು ಬೀಳದಿರಲಿ ಅಂತ ಇರಬೇಕು ಅಂದುಕೊಂಡಿದ್ದೆ. ಈಗ ಅಷ್ಟು ಗ್ಯಾರಂಟಿ ಇಲ್ಲ.

ನನ್ನ ಹೆಂಡತಿ ಅಪ್ಪನ ಮೇಲೆ ಪ್ರಾಣ ಇಟ್ಟಿದ್ದಾಳೆ, ಆದರೆ ಖಾಲಿ ಜಾಗ ಕಂಡರೆ ಅವಳಿಗೆ ಆಗಲ್ಲ. ಅವರು ವಾಪಸ್ ಹೋಗೋವರೆಗಿನ ವೀಕೆಂಡುಗಳೆಲ್ಲ ಫ್ರಿಜ್ ಮೇಲೆ ಬರೆದಾಗಿದೆ. ಬ್ರಿಡ್ಜ್‌ವಾಟರ್ ದೇವಸ್ಥಾನ, ನಯಾಗರ, ಸತ್ಯನಾರಾಯಣ ಪೂಜೆ, ಯಾರದೋ ಮಗನ ಗ್ರ್ಯಾಜುಯೇಷನ್. ಎದುರಿಗೆ ನಿಂತು ಕನ್ನಡಕ ಏರಿಸಿ ಪೂರ್ತಿ ಓದಿದ ಮಾವ, “ಆರ್ಕೆಸ್ಟ್ರಾ ಜೋರಾಗೇ ಇದೆ” ಅಂದರು. ಅವಳು ಹೊಗಳಿಕೆ ಅಂದುಕೊಂಡಳು.

ನಾಳೆ ಶನಿವಾರ, ಸ್ನೇಹಿತರ ಮನೆಯಲ್ಲಿ ಪಾಟ್‌ಲಕ್, ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿ ತರೋ ಊಟ. ಮಾವ ಬರಲ್ಲ ಅಂದಿದ್ದಾರೆ. ಒಬ್ಬನೇ ಕೂತು ಏನು ಮಾಡ್ತೀಯಪ್ಪ ಅಂತ ಮಗಳು ಕೇಳಿದರೆ, “ಸುಮ್ನೆ ಇರ್ತೀನಿ” ಅಂದರು. ಈಗ ಅವಳ ಸಿಟ್ಟೆಲ್ಲ ನನ್ನ ಮೇಲೆ. “ಎಲ್ಲಾ ನಿಮ್ಮ ಆ ಅಳುಮುಂಜಿ ಹಾಡಿಂದಲೇ ರೀ. ಬಂದ ದಿನವೇ ಅದನ್ನ ಹಾಕಬೇಕಿತ್ತಾ?” ನಾನು ಏನೂ ಅನ್ನಲಿಲ್ಲ. ಬಿಸಿಬೇಳೆಬಾತ್ ನಮ್ಮ ಪಾಲಿಗೆ ಬಂದಿದೆ, ಬೇಳೆ ಬೇಯಿಸೋಕೆ ಇಡಬೇಕು. ಮಾವನಿಗೆ ತೆಗೆದಿಟ್ಟು ಹೋಗೋದಕ್ಕೆ ಇನ್ನೊಂದು ಪಾವು ಜಾಸ್ತಿ.