ಬ್ಯಾಣದ ಮೇಲಿನ ಹೊಗೆ ಗುಡ್ಲು

"ಅಯ್ಯೋ, ಬೆಂಕಿ ಬಿದ್ದಿದೆ!" ಅಂತ ನಾನು ಕೂಗಿದ್ದೇ ತಪ್ಪಾಯಿತು. ಆಮೇಲೆ ಎರಡು ದಿನ ಅದನ್ನೇ ಹೇಳಿ ಹೇಳಿ ನಕ್ಕರು.

ಫೆಬ್ರವರಿ ಕೊನೆಯ ವಾರ. ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ ದಾಟಿ ಹೊಸನಗರದವರೆಗೆ ಬಸ್ಸು. ಅಲ್ಲಿಂದ ಗೆಳೆಯನ ಬೈಕಿನಲ್ಲಿ ನಗರದ ದಾರಿ. ಈ ನಗರ ಅಂದರೆ ಪೇಟೆಯಲ್ಲ. ಹಳೆಯ ಬಿದನೂರು, ಕೆಳದಿ ಅರಸರ ರಾಜಧಾನಿ, 1763ರಲ್ಲಿ ಹೈದರಾಲಿ ಕೈಗೆ ಸಿಕ್ಕ ಊರು. ಕೋಟೆ ನೋಡಿಕೊಂಡು ಹೋಗೋಣ ಅಂದೆ. "ಕೋಟೆ ಎಲ್ಲಿಗೂ ಹೋಗಲ್ಲ ಮಾರಾಯ. ಗುಡ್ಲಲ್ಲಿ ಇವತ್ತು ಒಲೆ ಹಚ್ತಾ ಇದಾರೆ, ನಡಿ" ಅಂದ.

ಗುಡ್ಲು ಅಂದರೆ ಅವನ ಅಜ್ಜನ ಕಾಲದ ದನಗಾಹಿಗಳ ಗುಡಿಸಲು. ತೋಟದ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಬ್ಯಾಣ, ಅಂದರೆ ಬರೀ ಹುಲ್ಲು ಬೆಳೆಯುವ ಬೋಳುಗುಡ್ಡ. ಹಾಲು ಕೊಡದ ದನ, ಕಡಸುಗಳನ್ನು ಅಲ್ಲೇ ದೊಡ್ಡಿಯಲ್ಲಿ ಕೂಡಿ, ಕಾಯುವವರು ರಾತ್ರಿ ಅಲ್ಲೇ ಮಲಗುತ್ತಿದ್ದರಂತೆ. ಹುಲಿ ಹೆದರಿಕೆ ಇದ್ದ ಕಾಲ. ಈಗ ಮಲೆನಾಡು ಗಿಡ್ಡ ತಳಿಯ ದನ ಸಾಕುವವರೇ ಕಡಿಮೆ, ಕಾಯಲು ಜನ ಮೊದಲೇ ಇಲ್ಲ. ಜೊತೆಗೆ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಕಾಯಿಲೆ ಉಣುಗು ಕಚ್ಚಿ ಬರುವಂಥದ್ದು, ಬೇಸಿಗೆಯಲ್ಲೇ ಜಾಸ್ತಿ. ಹೊರಡುವ ಮುಂಚೆ ಗೆಳೆಯನ ಅಮ್ಮ ಉಣುಗು ಹತ್ತದ ಹಾಗೆ ಹಚ್ಚುವ ಡೆಪಾ ಎಣ್ಣೆ ಕೊಟ್ಟು, ಕೈಕಾಲಿಗೆ ಹಚ್ಚಿಕೊಂಡ ಮೇಲೇ ಬಿಟ್ಟರು.

ಮುಕ್ಕಾಲು ಗಂಟೆ ಹತ್ತಿದೆವು. ದೂರದಲ್ಲಿ ಕೊಡಚಾದ್ರಿ ಮಸುಕಾಗಿ ಕಂಡಿತು. ಅದನ್ನು ನೋಡುತ್ತಾ ತಿರುಗಿದರೆ ಎದುರಿಗೆ ಗುಡ್ಲು, ಮಾಡಿನ ಮೈಯಿಂದೆಲ್ಲ ಹೊಗೆ! ನಾನು ಕೂಗಿದ್ದು ಆಗಲೇ. ಅಡಿಕೆ ಸೋಗೆ ಹೊದಿಸಿದ ಮಾಡಿಗೆ ಚಿಮಣಿ ಇರುವುದಿಲ್ಲ. ಒಲೆಯ ಹೊಗೆ ಅಟ್ಟಕ್ಕೆ ಹೋಗಿ, ಅಲ್ಲಿಂದ ಸೋಗೆಯ ಸಂದಿಸಂದಿಯಲ್ಲಿ ಹೊರಗೆ ಬರುತ್ತದೆ.

ಒಳಗೆ ಹೋಗುವಾಗ ಬಗ್ಗಿದ್ದು ಸಾಲದೆ ಹಣೆ ಹೊಡೆಸಿಕೊಂಡೆ. ಮಾಡಿನ ಅಂಚು ನನ್ನ ಎದೆಗಿಂತ ಕೆಳಗೆ. ಗಾಳಿಮಳೆ ಅಡ್ಡಲಾಗಿ ಬಾರಿಸುವ ಜಾಗದಲ್ಲಿ ಮಣ್ಣಿನ ಗೋಡೆ ಉಳಿಯಬೇಕಾದರೆ ಮಾಡು ಹೀಗೇ ಇಳಿಯಬೇಕು. ಸೊಂಟದೆತ್ತರದ ದನಕ್ಕೆ ಅದೇನೂ ತೊಂದರೆಯಲ್ಲ, ನಮಗೇ ಕಷ್ಟ.

ಈ ಹಳೇ ಗುಡ್ಲನ್ನು ಸರಿಮಾಡಲು ಗೆಳೆಯ ಮೊದಲು ಮಾಡಿದ್ದ ಕೆಲಸ ಬೇರೆ. ಎರಡು ವರ್ಷದ ಹಿಂದೆ ಪೇಟೆಯ ಮೇಸ್ತ್ರಿ ಕರೆಸಿ ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿಸಿದ್ದ, ಮೇಲೆ ತಗಡು ಹೊದಿಸಿದ್ದ. ಒಂದೇ ಮಳೆಗಾಲ. ಒಳಗೆ ಸೇರಿದ ತೇವ ಹೊರಗೆ ಬರಲಾಗದೆ ಸಿಮೆಂಟು ಹಪ್ಪಳದ ಹಾಗೆ ಎದ್ದಿತು, ಒಳಗಿನ ಮಣ್ಣು ಮೆತ್ತಗಾಗಿ ಒಂದು ಮೂಲೆ ಕುಸಿಯಿತು. ಒಲೆ ಹಚ್ಚದ ಗುಡ್ಲಿನ ಒಂದು ಕಂಬವನ್ನು ವರಲೆ, ಅಂದರೆ ಗೆದ್ದಲು, ಪೂರ್ತಿ ತಿಂದು ಮುಗಿಸಿತ್ತು.

ಆಗ ಸಿಕ್ಕಿದವರು ಕೆಳಗಿನ ಊರಿನ ಒಬ್ಬ ಅಜ್ಜ. ಹುಡುಗನಾಗಿದ್ದಾಗ ಇದೇ ಬ್ಯಾಣದಲ್ಲಿ ದನ ಕಾಯ್ದವರು. ಸಿಮೆಂಟ್ ಕೆತ್ತಿಸಿ, ಅಲ್ಲಿಯದೇ ಕೆಮ್ಮಣ್ಣು ಕಲಸಿ ತುಳಿಸಿ, ಗೋಡೆ ಮತ್ತೆ ಹಾಕಿಸಿದರು. ಬಿಚ್ಚಿದ ಹಳೇ ಮನೆಯೊಂದರ ಕಂಬ ತರಿಸಿ, ಬುಡಕ್ಕೆ ಗೇರೆಣ್ಣೆ ಬಳಿಸಿದರು. ರೀಪಿಗೆ ಅಡಿಕೆ ಮರ ಸೀಳಿದ ದಬ್ಬೆ. ನೆಲಕ್ಕೆ ಸಗಣಿ, ಅದರ ಜೊತೆ ಹಳೇ ಟಾರ್ಚಿನ ಸೆಲ್ ಒಡೆದು ತೆಗೆದ ಕರಿ. ನೆಲ ಎಣ್ಣೆ ಸವರಿದ ಕಾವಲಿಯ ಹಾಗೆ ಮಿರಿಮಿರಿ ಅನ್ನುತ್ತಿತ್ತು. ಇದು ಅಷ್ಟೇನೂ ಪುರಾತನ ಪದ್ಧತಿಯಲ್ಲ, ಸೆಲ್ ಬಂದ ಮೇಲಿನದು. ಆದರೂ ನಮ್ಮ ಅಜ್ಜಿಮನೆಯ ನೆಲವೂ ಹೀಗೇ ಇತ್ತು, ನನಗೆ ಅಷ್ಟೇ ಸಾಕು.

ಹಿಂಬದಿಯ ಇಳಿಮಾಡು ಮಾತ್ರ ಬಾಕಿ ಇತ್ತು. ನಾನು ಕೆಳಗಿಂದ ಸೋಗೆ ಕೊಡುತ್ತಾ ನಿಂತೆ. ಅಜ್ಜ ಅಂಚಿನಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತಾರೆ. ಸೋಗೆಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದು, ನೆನೆಸಿದ ಬಳ್ಳಿಯನ್ನು ದಬ್ಬೆಯಡಿ ತೂರಿಸಿ, ಎರಡು ಸುತ್ತು, ಒಂದು ತಿರುಚು, ತುದಿಯನ್ನು ಒಳಗೆ ಸಿಕ್ಕಿಸಿದರೆ ಮುಗೀತು. ಗಂಟೇ ಇಲ್ಲ. ನಾನು ಕಟ್ಟಿದ್ದನ್ನು ಬೆರಳಲ್ಲಿ ಎಳೆದರು, ಬಿಚ್ಚಿಕೊಂಡಿತು. ಏನೂ ಹೇಳಲಿಲ್ಲ, ಸುಮ್ನೆ ಮತ್ತೆ ಕಟ್ಟಿದರು.

"ಇದು ಎಷ್ಟು ವರ್ಷ ಬರ್ತದೆ ಅಜ್ಜ?"

"ಒಂದು ಮಳೆಗಾಲ. ಹೊಗೆ ಚೆನ್ನಾಗಿ ತಾಗಿದ್ರೆ ಎರಡು."

ಗೆಳೆಯನ ಮುಖ ನೋಡಿದೆ. ಇಲ್ಲಿ ನಾಲ್ಕು ಜನ ಅತಿಥಿಗಳನ್ನು ಇಳಿಸುವ ಯೋಚನೆ ಅವನದು. ಇಂಗ್ಲೆಂಡಿನಲ್ಲಿ ಕುರಿಗಾಹಿಗಳ ಹಳೇ ಗುಡಿಸಲುಗಳನ್ನು ಸರಿಮಾಡಿ ಬಾಡಿಗೆಗೆ ಕೊಡುತ್ತಾರಂತೆ. ಮೊಬೈಲಿನಲ್ಲಿ ಚಿತ್ರ ತೋರಿಸಿದ. ಕಬ್ಬಿಣದ ಗಾಲಿ, ಅಲೆತಗಡಿನ ಕಮಾನು ಮಾಡು, ಮೂಲೆಯಲ್ಲಿ ಪುಟ್ಟ ಒಲೆ. ಕುರಿ ಮರಿ ಹಾಕುವ ಕಾಲದಲ್ಲಿ ಹೊಲಕ್ಕೆ ಎಳೆದುಕೊಂಡು ಹೋಗಿ ಅದರಲ್ಲೇ ಇರುತ್ತಿದ್ದರು. ಅಜ್ಜ ಮೊಬೈಲನ್ನು ದೂರ ಹಿಡಿದು ನೋಡಿದರು. "ಗಾಲಿ ನಮ್ಮ ಮಳೆಗೆ ಹೂತು ಹೋಗ್ತದೆ. ಒಲೆ ಇಟ್ಟಿದಾರಲ್ಲ, ಅದು ಸರಿ."

ರಾತ್ರಿ ಅಲ್ಲೇ ಉಳಿದೆವು. ಅಕ್ಕಿ ರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಿಂತರೆ ಹೊಗೆ, ನೆಲಕ್ಕೆ ಬೆನ್ನು ಹಚ್ಚಿದರೆ ಇಲ್ಲ. ಮಾಡಿನ ಹಳೇ ಪಕಾಸಿನಲ್ಲಿ ಎಷ್ಟೋ ವರ್ಷದ ಇಲ್ಲಣ, ಅಂದರೆ ಹೊಗೆಯ ಮಸಿ, ಜೋಲುತ್ತಿತ್ತು. ಗೆಳೆಯ ಅದನ್ನು ಗುಡಿಸಬೇಕು ಅಂತಿದ್ದ, ಅಜ್ಜ ಬಿಟ್ಟಿರಲಿಲ್ಲ. ಹತ್ತಿರದ ಒಂದು ಹೋಂಸ್ಟೇಯಲ್ಲಿ ತಗಡಿನ ಮೇಲೆ ತೋರಿಕೆಗೆ ಸೋಗೆ ಹಾಸಿದ್ದು ನೋಡಿದ್ದೆ, ಒಳಗೆ ಏಸಿ. ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ, ಸುಳ್ಳು ಹೇಳಲ್ಲ. ಆದರೆ ಅದನ್ನು ಗುಡ್ಲು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಬೆಳಿಗ್ಗೆ ಹೊರಡುವಾಗ ಒಲೆಗೆ ನೀರು ಹಾಕಲು ತಂಬಿಗೆ ಎತ್ತಿದೆ. ಅಜ್ಜ ಕೈ ಹಿಡಿದರು. "ಆರಿಸ್ಬೇಡಿ. ಬೂದಿ ಮುಚ್ಚಿ. ನಾನು ಸಂಜೆ ಬರ್ತೀನಿ."

"ದಿನಾ ಬರ್ತೀರಾ?"

"ದನ ಇಲ್ಲ, ಮತ್ತೆಂತ ಕೆಲಸ?"

ಹೊಸನಗರದಲ್ಲಿ ಬಸ್ ಹತ್ತಿದಾಗ ಪಕ್ಕದ ಸೀಟಿನ ಹೆಂಗಸು ಮೂಗು ಮುಚ್ಚಿಕೊಂಡು ಎದ್ದು ಬೇರೆ ಕಡೆ ಕೂತರು. ಕಿಟಕಿ ಸೀಟು ನನಗೆ ಸಿಕ್ಕಿತು.